ಮನಸು ಬರೋಗಂಟ

ದೀಪಾವಳಿ ಕಳೆದು ಗುಮಟಾಪುರದ ಸಗಣಿ ಹಬ್ಬ ಮುಗಿದ ವಾರ ಅದು. ಹೊಲಗಳಲ್ಲಿ ರಾಗಿ ತೆನೆ ಬಲಿತು ಬಾಗಿತ್ತು. ತಮಿಳುನಾಡಿಗೆ ಸೇರಿದ ಗಡಿಯೂರು ತಿಗನಾರೆಯ ಕೆಳಗಿನ ಬೀದಿಯಲ್ಲಿ ಬೊಮ್ಮಮ್ಮ ಬೆಳಗಿನ ಒಲೆ ಹೊತ್ತಿಸುತ್ತಿದ್ದಾಗ ಪಕ್ಕದ ಮನೆಯ ಮುದುಕಿ ದೊಡ್ಡಮಾದಮ್ಮ ಏದುಸಿರು ಬಿಡುತ್ತ ಬಾಗಿಲಿಗೆ ಬಂದಳು.

“ಬೊಮ್ಮಿ, ಪುಟ್ರಾಜುನ ಕಾಡಾನ ಎತ್ತಾಕ್ಬುಡ್ತಂತ ಕಣ. ಮಾದಯ್ಯನೋರ ಒಲದ ಕಾವಲಿಗ ಓಗಿದ್ನಲ್ಲ, ಬೆಳಕರಿಯೋ ಒತ್ನಲ್ಲಿ ಅಟ್ಟಣೆ ಇಳೀತಿದ್ನಂತ. ಜೀವ ಅದೆ ಅಂತಾರ. ಸೊಂಟ ಮುರಿದೋಗದ.”

ಬೊಮ್ಮಮ್ಮ ಕೈಯಲ್ಲಿದ್ದ ಊದುಗೊಳವೆಯನ್ನು ಕೆಳಗಿಟ್ಟಳು.

ದೊಡ್ಡಮಾದಮ್ಮ ದನಿ ತಗ್ಗಿಸಿದಳು. “ನಾನು ಬೇರೆ ದೇವ್ರ ಒಕ್ಕಲು. ಆದ್ರೂ ಏಳ್ತಿನಿ ಕೇಳು. ನಿನ್ನ ದೇವ್ರು ಕಣ್ಬುಟ್ಟ. ನಿನ್ನ ಮನ ಮುಂದ ಮುಳ್ಳಾಕಿದ ಕೈಯಲ್ವ ಅದು?”

ಒಂದು ಗಳಿಗೆ ಬೊಮ್ಮಮ್ಮನ ಎದೆ ತಣ್ಣಗಾಯಿತು. ಸರಿಯಾಯಿತು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನಗೇ ಗಾಬರಿಯಾಗಿ, ಕೊಡ ಎತ್ತಿಕೊಂಡು ನೀರಿಗೆ ಹೊರಟುಹೋದಳು.

ಬೊಮ್ಮಮ್ಮನ ಗಂಡ ಪುಟ್ಟಮಾದ ಆ ಬೀದಿಯ ಕ್ರೈಸ್ತ ಮನೆಗಳಿಗೆ ಉಪದೇಶಿಯಾಗಿದ್ದವನು. ಪಾಸ್ಟರು ತಿಂಗಳಿಗೊಮ್ಮೆ ಹಾಸನೂರಿನಿಂದ ಬಂದು ರೊಟ್ಟಿ ದ್ರಾಕ್ಷಾರಸದ ಕರ್ತನ ಭೋಜನ ಕೊಟ್ಟು ಹೋಗುತ್ತಿದ್ದರು. ಉಳಿದ ಭಾನುವಾರಗಳ ಆರಾಧನೆ, ಬುಧವಾರದ ಸಂಜೆಯ ಪ್ರಾರ್ಥನೆ, ಹೆರಿಗೆಯಾದ ಮನೆ, ಸಾವಾದ ಮನೆ, ಗಂಡಹೆಂಡಿರ ಜಗಳ, ಎಲ್ಲಕ್ಕೂ ಪುಟ್ಟಮಾದನೇ. ಬೆಳಿಗ್ಗೆ ಅರಿಸಿನದ ಹೊಲದಲ್ಲಿ ಕೂಲಿ, ಸಂಜೆ ಕೈಕಾಲು ತೊಳೆದುಕೊಂಡು ಬಿಳಿ ಅಂಗಿ. ತಮಿಳು ಬೈಬಲನ್ನು ತಡೆತಡೆದು ಓದಿ, ಮುಚ್ಚಿ, ಆಮೇಲೆ ಊರ ಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದ. ಇಟ್ಟಿಗೆ ಗೋಡೆ, ತಗಡಿನ ಮಾಡಿನ ಪ್ರಾರ್ಥನೆ ಮನೆಯನ್ನು ಬೀದಿಯವರು ತಾವೇ ಮಣ್ಣು ಹೊತ್ತು ಕಟ್ಟಿದ್ದರು. ಅದು ಅವನ ಮನೆಗೆ ಎದುರಿಗೇ ಇತ್ತು.

ಪುಟ್ಟರಾಜು ಅವನಿಗೆ ಮಗನ ಹಾಗಿದ್ದವನು. ಹದಿಹರೆಯದಲ್ಲೇ ಕುಡಿತಕ್ಕೆ ಬಿದ್ದು ತಾಳವಾಡಿಯ ಸಂತೆಯಲ್ಲಿ ಬಿದ್ದಿರುತ್ತಿದ್ದವನನ್ನು ಪುಟ್ಟಮಾದ ಹೆಗಲ ಮೇಲೆ ಕೈಹಾಕಿಕೊಂಡು ಮನೆಗೆ ತರುತ್ತಿದ್ದ. ಬೈಯುತ್ತಿರಲಿಲ್ಲ. ವರ್ಷಗಳ ಮೇಲೆ ಪುಟ್ಟರಾಜು ಕುಡಿಯುವುದನ್ನು ಬಿಟ್ಟ, ದೀಕ್ಷಾಸ್ನಾನ ಪಡೆದ, ಚಾಮರಾಜನಗರದ ಕಡೆಯ ಸಂಗೀತಳನ್ನು ಮದುವೆಯಾದ. ಆರಾಧನೆಯ ಹಾಡಿಗೆ ತಮಟೆ ಬಡಿಯುತ್ತಿದ್ದವನು ಅವನೇ.

ಕೊರೋನದ ಎರಡನೇ ವರ್ಷ ಬೀದಿಯಲ್ಲಿ ಜ್ವರ ಹಬ್ಬಿತು. ಪ್ರಾರ್ಥನೆ ಮನೆಗೆ ಬೀಗ ಬಿದ್ದಿತ್ತು. ಜನ ಸೇರಬಾರದು ಎಂದರೆ ಸೇರಿಸುವುದಿಲ್ಲ, ಆದರೆ ಜ್ವರದವರ ಬಾಗಿಲಿಗೆ ಹೋಗಿ ನಿಂತು ಪ್ರಾರ್ಥಿಸಲು ಯಾರ ಅಪ್ಪಣೆ ಬೇಕು ಎಂದು ಪುಟ್ಟಮಾದ ಮನೆಮನೆಗೆ ಹೋದ. ಕೊನೆಗೆ ಅವನೂ ಮಲಗಿದ. ಬೊಮ್ಮಮ್ಮನಿಗೂ ಮೈ ಬೆಚ್ಚಗಾಯಿತು. ಮರುದಿನ ಬೆಳಿಗ್ಗೆ ಬಾಗಿಲು ತೆಗೆದಾಗ ಅಂಗಳದ ಅಡ್ಡಕ್ಕೆ ಜಾಲಿಮುಳ್ಳಿನ ಕೊಂಬೆಗಳನ್ನು ಒತ್ತಿ ಹಾಕಿತ್ತು. ಆಚೆ ಪುಟ್ಟರಾಜು ಕತ್ತಿ ಹಿಡಿದುಕೊಂಡು ನಿಂತಿದ್ದ. ಮೂಗು ಬಾಯಿಗೆ ಟವೆಲು ಕಟ್ಟಿಕೊಂಡಿದ್ದ.

“ಅಕ್ಕ, ಒರಗ ಬರಬ್ಯಾಡಿ. ನಮ್ಮನೇಲಿ ಎಳೇ ಕೂಸದ,” ಎಂದ. ಅಷ್ಟೇ ಹೇಳಿ ಹೋದ.

ಆ ದಿನಗಳಲ್ಲಿ ಗೋಡೆಯ ಮೇಲೆ ಅಂಬಲಿಯ ಸ್ವಾರೆ ಮಡಕೆ ಇಟ್ಟು ಕೂಗಿ ಹೋಗುತ್ತಿದ್ದವಳು ದೊಡ್ಡಮಾದಮ್ಮ ಒಬ್ಬಳೇ. ಆಮೇಲೆ ಆಂಬುಲೆನ್ಸ್ ಬಂತು. ಮೈತುಂಬ ಮುಚ್ಚಿಕೊಂಡಿದ್ದ ಇಬ್ಬರು ಮುಳ್ಳನ್ನು ಕಾಲಿನಿಂದ ಸರಿಸಿ ಪುಟ್ಟಮಾದನನ್ನು ಎತ್ತಿಕೊಂಡು ಹೋದರು. ಬೀದಿಯಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ಘಾಟಿಯ ಕೆಳಗಿನ ಆಸ್ಪತ್ರೆಯಲ್ಲಿ ಅವನು ತೀರಿಕೊಂಡ. ಯಾರೋ ಸೇವೆಯ ಹುಡುಗರು ಅಲ್ಲೇ ಎಲ್ಲೋ ಮಣ್ಣು ಮಾಡಿದರಂತೆ. ಫೋನಿನಲ್ಲಿ ಹೇಳಿದವರಿಗೂ ಜಾಗ ಸರಿಯಾಗಿ ಗೊತ್ತಿರಲಿಲ್ಲ.

ಸರ್ಕಾರ ಆರಾಧನೆಗೆ ಅಪ್ಪಣೆ ಕೊಟ್ಟ ಮೇಲೆ ಪಾಸ್ಟರು ಬಂದು ಬೀಗದ ಕೈ ಕೇಳಿದರು. ಬೊಮ್ಮಮ್ಮ ಕೊಟ್ಟಳು. ತಾನು ಹೋಗಲಿಲ್ಲ. ಮೊದಲ ಭಾನುವಾರ ಒಂದಷ್ಟು ಜನ ಬಂದರು. ತೆರೆದ ಬಾಗಿಲಿನಿಂದ ನೋಡಿದರೆ ಎದುರಿಗೆ ಮುಚ್ಚಿದ ಬೊಮ್ಮಮ್ಮನ ಬಾಗಿಲು ಕಾಣುತ್ತಿತ್ತು. ಹಾಡನ್ನು ಯಾರೂ ಎತ್ತಲಿಲ್ಲ. ಪುಟ್ಟರಾಜು ಹಿಂದೆ ಕೂತಿದ್ದ. ಅವನ ಪಕ್ಕದಲ್ಲಿ ಯಾರೂ ಕೂರಲಿಲ್ಲ. ಮುಂದಿನ ವಾರ ಇನ್ನೂ ಕಡಿಮೆ. ಹೀಗೇ ನಿಂತುಹೋಯಿತು. ಪಾಸ್ಟರಿಗೆ ವರ್ಗವಾಯಿತು. ಬೀದಿಯ ಸ್ವಾಮಿ ಎಂಬವನ ಮನೆಯವರು ತಾಳವಾಡಿಯ ಬೇರೆ ಸಭೆಗೆ ಹೋಗತೊಡಗಿದರು. ಉಳಿದವರು ಭಾನುವಾರವೂ ಕೂಲಿಗೆ ಹೋದರು. ಊಟದ ಮುಂದೆ ಕಣ್ಣು ಮುಚ್ಚುವುದೂ ಮನೆಮನೆಗಳಲ್ಲಿ ಮರೆತುಹೋಯಿತು. ಅದೇ ಬೀದಿಯ ಪರಿಮಳಳ ಮಗುವಿಗೆ ದೀಕ್ಷಾಸ್ನಾನ ಆಗಬೇಕಿತ್ತು. ಅದು ಮಗ್ಗುಲಾಗಿ, ಅಂಬೆಗಾಲಿಟ್ಟು, ನಡೆಯಲೂ ಕಲಿಯಿತು.

ಬೊಮ್ಮಮ್ಮನೂ ಪ್ರಾರ್ಥಿಸುತ್ತಿರಲಿಲ್ಲ. ಸಂಜೆ ಚಾಪೆಯ ಮೇಲೆ ಮೊಣಕಾಲೂರುವಳು. ಮಾತು ಬಾರದೆ ಎದ್ದುಬಿಡುವಳು.

ಆನೆ ಎತ್ತಿಹಾಕಿದ ಪುಟ್ಟರಾಜುವನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದು ಡಿಸೆಂಬರಿನಲ್ಲಿ. ಸೊಂಟಕ್ಕೆ ಕಬ್ಬಿಣ ಹಾಕಿದ್ದರು. ಮಂಚ ಬಿಟ್ಟು ಏಳುವ ಹಾಗಿರಲಿಲ್ಲ. ತಂದ ಎರಡು ಮೂರು ದಿನಕ್ಕೆ ಸಂಗೀತ ಬೊಮ್ಮಮ್ಮನ ಮನೆಗೆ ಬಂದಳು. ಒಳಗೆ ಬರದೆ ಹೊಸ್ತಿಲ ಆಚೆಯೇ ನಿಂತಳು.

“ದೊಡ್ಡವ್ವ, ನಿಮ್ಮ ಮುಂದ ನಿಲ್ಲಕ ನಂಗ ಮೊಕ ಇಲ್ಲ.”

“ನಿಂತಿದ್ದೀಯಲ್ಲ. ಏಳು.”

“ಅವ್ರು ಉಣ್ಣದಿಲ್ಲ, ಮಲಗದಿಲ್ಲ. ಗೋಡೆ ಕಡೀಕ ತಿರುಗ್ಕಂಡು ಅಳ್ತಾರ. ಊರೆಲ್ಲ ಒಂದೇ ಮಾತು ಆಡ್ತದ, ಉಪದೇಶಿಗ ಮುಳ್ಳಾಕಿದ ಪಾಪ ಆನ ಆಗಿ ಬಂತು ಅಂತ. ಅವ್ರೂ ಅದನ್ನೇ ನಂಬ್ಕಂಡವ್ರ.” ಸಂಗೀತ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಅಂಗೇಯ ದೊಡ್ಡವ್ವ? ದೇವ್ರೇ ಕಳಿಸಿದ್ನ?”

ಬೊಮ್ಮಮ್ಮನಿಗೆ ಸಿಟ್ಟು ಬಂತು. ಸಂಗೀತಳ ಮೇಲಲ್ಲ. ಯಾರ ಮೇಲೆ ಎಂದು ತನಗೂ ತಿಳಿಯಲಿಲ್ಲ.

“ಅವನ ಪಾಪಕ್ಕ ಆನ ಬಂತು ಅನ್ನು. ಅಂಗಾದ್ರ ನನ್ನ ಗಂಡಂಗ ಯಾವ ಪಾಪಕ್ಕ ರೋಗ ಬಂತು? ಕಾಯ್ಲದೋರ ಬಾಗ್ಲಿಗ ಓಗಿ ನಿಂತಿದ್ದಕ್ಕ? ಏಳವ್ವ, ಅದ್ಯಾವ ಪಾಪ?”

ಸಂಗೀತ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು.

“ಆನಗ ಒಟ್ಟ ಅಸ್ದಿತ್ತು. ರಾಗಿ ತಿನ್ನಕ ಬಂತು. ಇವ್ನು ಅಡ್ಡ ಸಿಕ್ದ. ಅಷ್ಟೇಯ. ದೇವ್ರ ತಲ ಮ್ಯಾಲ ಇದ್ನೆಲ್ಲ ಕಟ್ಬ್ಯಾಡಿ.”

“ಈ ಮಾತ ನೀವೇ ಬಂದು ಅವ್ರಿಗ ಏಳಿ ದೊಡ್ಡವ್ವ. ನಾ ಏಳಿದ್ರ ನಂಬದಿಲ್ಲ.”

ಬೊಮ್ಮಮ್ಮ ಒಲೆಯ ಕೊಳ್ಳಿಗಳನ್ನು ಹಿಂದಕ್ಕೆ ಎಳೆದಳು. ಆಮೇಲೆ ಸೆರಗು ಹೊದ್ದುಕೊಂಡು ಎದ್ದಳು. ಹೊತ್ತು ಮುಳುಗುವ ಸಮಯ. ಅವಳು ಬೀದಿಯ ಉದ್ದಕ್ಕೂ ನಡೆದು ಪುಟ್ಟರಾಜುವಿನ ಮನೆಗೆ ಹೋಗುವುದನ್ನು ಕೂಲಿಯಿಂದ ಬಂದು ಕಾಲು ತೊಳೆಯುತ್ತಿದ್ದ ಹೆಂಗಸರೆಲ್ಲ ನಿಂತು ನೋಡಿದರು.

ಪುಟ್ಟರಾಜು ಅವಳನ್ನು ಕಂಡವನೇ ಏಳಲು ಹೋಗಿ ನೋವಿನಿಂದ ಕಿರುಚಿದ. ಮತ್ತೆ ಗೋಡೆಯ ಕಡೆ ತಿರುಗಿಕೊಂಡ. ಬೊಮ್ಮಮ್ಮ ಮಂಚದ ಪಕ್ಕ ನೆಲದ ಮೇಲೆ ಕೂತಳು. ಹೆಂಡತಿಗೆ ಹೇಳಿದ ಮಾತನ್ನೇ ಅವನ ಬೆನ್ನಿಗೂ ಹೇಳಿದಳು. ಅವನು ತಿರುಗಲಿಲ್ಲ, ಬೆನ್ನು ಮಾತ್ರ ಅದುರುತ್ತಿತ್ತು.

“ಪ್ರಾರ್ತನೆ ಮಾಡ್ತಿನಿ,” ಎಂದಳು. ಮಾತು ಬಾಯಿಂದ ಬಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು.

ಅವಳಿಗೆ ಸ್ವಂತ ಮಾತು ಒಂದೂ ಹೊಳೆಯಲಿಲ್ಲ. ಕರ್ತನು ಕಲಿಸಿದ ಪ್ರಾರ್ಥನೆಯೊಂದೇ ನಾಲಗೆಗೆ ಬಂತು. ಅದನ್ನು ಮೆಲ್ಲಗೆ ಹೇಳುತ್ತ ಹೋದಳು. ಅನ್ನದ ಮಾತು ದಾಟಿತು. ತಪ್ಪು ಮಾಡಿದವರನ್ನು ಕ್ಷಮಿಸುವ ಮಾತಿಗೆ ಬಂದಾಗ ದನಿ ನಿಂತಿತು. ಮುಂದಕ್ಕೆ ಹೋಗಲಿಲ್ಲ. ಬೊಮ್ಮಮ್ಮ ಎದ್ದು, ಆಮೆನ್ ಅನ್ನದೆ, ತನ್ನ ಮನೆಗೆ ಬಂದುಬಿಟ್ಟಳು.

ಮಾರನೆಯ ಸಂಜೆಯೂ ಹೋದಳು. ಅದೇ ಜಾಗಕ್ಕೆ ಬಂದು ನಿಂತಳು. ಅದರಾಚೆಯ ದಿನವೂ ಅಷ್ಟೇ. ಉಳಿದದ್ದನ್ನು ಸಂಗೀತಳೇ ತಗ್ಗಿದ ದನಿಯಲ್ಲಿ ಹೇಳಿ ಮುಗಿಸುತ್ತಿದ್ದಳು. ಒಂದು ದಿನ ಬೊಮ್ಮಮ್ಮ ಹೊರಡಲು ಎದ್ದಾಗ ಪುಟ್ಟರಾಜು ಇತ್ತ ತಿರುಗಿದ.

“ಅಕ್ಕ, ನನ್ನ ಕ್ಷಮಿಸ್ಬುಡಿ ಅಂತ ಕೇಳಕೂ ಬಾಯಿಲ್ಲ ನಂಗ. ಅಣ್ಣ ನನ್ನ ಎಷ್ಟು ಸಲ ಮೋರಿಯಿಂದ ಎತ್ಕಂಡು ಬಂದ್ರು. ನಾನು ಅವ್ರಿಗ ಒಂದ್ಲೋಟ ನೀರು ಕೊಡ್ನಿಲ್ಲ. ಮುಳ್ಳು ಕಡಿದು ತಂದೆ. ನೀವ್ಯಾಕ ದಿನಾ ಬತ್ತೀರಿ?”

ಬೊಮ್ಮಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಸುಳ್ಳೇಳದಿಲ್ಲ ಕಣ್ಲಾ. ಕ್ಷಮಿಸಿವ್ನಿ ಅಂತ ಬಾಯಲ್ಲಿ ಅಂದ್ಬುಡಬೌದು, ಮನಸು ಇನ್ನೂ ಬಂದಿಲ್ಲ. ಬರೋಗಂಟ ಬತ್ತಿನಿ.”

ಅವಳು ದಿನವೂ ಬೀದಿಯಲ್ಲಿ ಹಾದು ಹೋಗುವುದನ್ನು ನೋಡಿ ಮೊದಲು ಬಂದವಳು ಪರಿಮಳ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲ ಹತ್ತಿರ ಕೂತಳು. ಆಮೇಲೆ ಮುದುಕ ರಾಚ ಕೋಲೂರಿಕೊಂಡು ಬಂದ. ಪುಟ್ಟಮಾದ ಕಾಯಿಲೆ ಬೀಳುವ ಮುಂಚೆ ಕೊನೆಗೆ ಪ್ರಾರ್ಥಿಸಿದ್ದು ಇವನ ಜ್ವರಕ್ಕೇ. ಆ ಸಂಗತಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ರಾಚ ಬೊಮ್ಮಮ್ಮನ ಮುಂದೆ ಕೈಮುಗಿದು ನಿಂತ. ಅವಳು, “ಕುಂತ್ಕ ಮಾವ,” ಎಂದು ಚಾಪೆ ಸರಿಸಿದಳು.

ಓದುವವರು ಇರಲಿಲ್ಲ. ಪುಟ್ಟಮಾದನ ತಮಿಳು ಬೈಬಲು ಬೊಮ್ಮಮ್ಮನ ಮನೆಯಲ್ಲಿತ್ತು, ಅವಳಿಗೆ ಅಕ್ಷರ ಬಾರದು. ಸಂಗೀತ ತವರಿನಿಂದ ಬರುವಾಗ ತಂದಿದ್ದ ಕನ್ನಡ ಬೈಬಲನ್ನು ಪೆಟ್ಟಿಗೆಯಿಂದ ತೆಗೆದಳು. ಇಷ್ಟು ವರ್ಷ ಆರಾಧನೆಯಲ್ಲಿ ತಮಿಳೇ ನಡೆಯುತ್ತಿದ್ದುದರಿಂದ ಅದನ್ನು ಹೊರಗೆ ತಂದಿರಲಿಲ್ಲ. ಸೀಮೆಎಣ್ಣೆಯ ಬುಡ್ಡಿಯ ಕಾಲ ಹೋಗಿ ಈಗ ಕರೆಂಟು ಇದ್ದರೂ ಆ ಸಂಜೆ ಕರೆಂಟು ಹೋಗಿತ್ತು. ಪರಿಮಳ ಫೋನಿನ ಬೆಳಕು ಹಿಡಿದಳು. ಸಂಗೀತ ಓದಿದಳು. ಅವಳು ನಿಲ್ಲಿಸಿದ ಮೇಲೆ ರಾಚ ಹೇಳಿದ:

“ಉಪದೇಶಿ ಓದಿ ಆಮೇಲ ಬುಡಿಸಿ ಏಳ್ತಿದ್ರು. ಇದು ಓದ್ತಿದ್ದಂಗೇಯ ಒಳಕ ಇಳೀತದಲ್ಲವ್ವ.”

ಕ್ರಿಸ್‌ಮಸ್ಸಿನ ದಿನವೂ ಅವರು ಆ ಮನೆಯಲ್ಲೇ ಸೇರಿದರು. ಹೊಸ ಬಟ್ಟೆ ಇರಲಿಲ್ಲ. ಸಂಗೀತ ಅವರೆಕಾಳಿನ ಸಾರು ಮಾಡಿದ್ದಳು. ಹೊಸ ವರ್ಷ ದಾಟಿ, ರಾಗಿ ಒಕ್ಕಣೆ ಮುಗಿಯುವ ಹೊತ್ತಿಗೆ ಮನೆ ಸಾಲದೆ ಜನ ಜಗಲಿಯಲ್ಲಿ ಕೂರತೊಡಗಿದರು. ಎಲ್ಲರೂ ಬಂದರೆಂದಲ್ಲ. ಕೆಲವರು ದೂರದಿಂದಲೇ ಕೇಳಿಸಿಕೊಂಡು ಹೋಗುತ್ತಿದ್ದರು. ಕೆಲವರು ಅದೂ ಇಲ್ಲ.

ಒಂದು ಸಂಜೆ, ಅದು ಯಾವುದೆಂದು ಬೊಮ್ಮಮ್ಮನಿಗೆ ನೆನಪಿಲ್ಲ, ಪ್ರಾರ್ಥನೆ ಮುಗಿದು ಕಣ್ಣು ತೆರೆದಾಗ ಸಂಗೀತ ತನ್ನನ್ನೇ ದಿಟ್ಟಿಸುತ್ತಿದ್ದಳು. ಅವಳ ಕೆನ್ನೆ ಒದ್ದೆಯಾಗಿತ್ತು.

“ಯಾಕವ್ವ?”

“ದೊಡ್ಡವ್ವ, ಇವತ್ತು ನಿಲ್ಲಿಸ್ನಿಲ್ಲ ನೀವು. ಕೊನೆಗಂಟ ಏಳಿದ್ರಿ.”

ಬೊಮ್ಮಮ್ಮ ನೆನಪು ಮಾಡಿಕೊಂಡಳು. ಹೌದು, ಆ ಮಾತು ಯಾವಾಗಲೋ ದಾಟಿಹೋಗಿತ್ತು. ಮಂಚದ ಮೇಲೆ ಪುಟ್ಟರಾಜು ಕಣ್ಣು ಮುಚ್ಚಿಕೊಂಡು ಮಲಗಿದ್ದ. ಅವಳು ಅವನ ಹೊದಿಕೆಯ ಅಂಚನ್ನು ಕಾಲಿನವರೆಗೆ ಎಳೆದು ಹೊದಿಸಿ, ಮನೆಗೆ ಹೋದಳು.

ಈಸ್ಟರಿಗೆ ಪ್ರಾರ್ಥನೆ ಮನೆ ತೆರೆಯಬೇಕೆಂದು ಬೀದಿಯವರು ಮಾತಾಡಿಕೊಂಡರು. ಹಿಂದಿನ ವಾರ ಬೀಗ ತೆಗೆದರು. ಒಳಗೆ ಮೂಲೆಯಲ್ಲಿ ಮೊಣಕಾಲೆತ್ತರ ಹುತ್ತ ಬೆಳೆದಿತ್ತು. ಚಾಪೆಗಳನ್ನು ಗೆದ್ದಲು ತಿಂದಿತ್ತು. ತಗಡಿನ ಕೆಳಗೆ ಬಾವಲಿಗಳು. ಗಂಡಸರು ಹುತ್ತ ಅಗೆದು ಹೊರಹಾಕಿದರು, ಹೆಂಗಸರು ಗೋಡೆಗೆ ಸುಣ್ಣ ಬಳಿದರು. ನೆಲ ಸಾರಿಸುವ ಹೊತ್ತಿಗೆ ದೊಡ್ಡಮಾದಮ್ಮ ಸಗಣಿಯ ಬುಟ್ಟಿ ಹೊತ್ತುಕೊಂಡು ಬಂದಳು.

“ನೀನೂ ಬಂದ್ಯಾ?” ಎಂದು ಪರಿಮಳ ನಕ್ಕಳು.

“ನಾನು ನಿಮ್ಮ ದೇವ್ರಿಗ ಬಂದೋಳಲ್ಲ, ನೆಲಕ್ಕ ಬಂದೋಳು. ನಿಮ್ಮ ಕೈಲಿ ಸಾರಿಸದು ಎಲ್ಲಾಗ್ತದ, ಎದ್ದೇಳಿ,” ಎಂದು ಅವಳು ಸೀರೆ ಎತ್ತಿ ಕಟ್ಟಿ ಕೂತೇಬಿಟ್ಟಳು.

ಹೊಸ ಪಾಸ್ಟರು ಶನಿವಾರ ಸಂಜೆಯೇ ಬಂದು ರಾಚನ ಮನೆಯಲ್ಲಿ ಉಳಿದರು. ಕಾಡಿನ ದಾರಿಯಲ್ಲಿ ಕತ್ತಲಾದ ಮೇಲೆ ಗಾಡಿ ಬಿಡುವುದಿಲ್ಲ. ಕೆಳಗಿನ ಸೀಮೆಯ ತಮಿಳರು, ಚಿಕ್ಕ ವಯಸ್ಸು, ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ಈಸ್ಟರ್ ಮುಂಜಾನೆ ಸಮಾಧಿಗಳ ಹತ್ತಿರ ಹೋಗಿ ಮೇಣದಬತ್ತಿ ಹಚ್ಚುವುದು ಬೀದಿಯ ಹಳೆಯ ವಾಡಿಕೆ. ಬೊಮ್ಮಮ್ಮ ಬರುವುದಿಲ್ಲ ಎಂದಳು. “ಎಲ್ರಿಗೂ ಅವ್ರವ್ರ ಗುಡ್ಡೆ ಅದೆ. ನಾನು ಯಾರ ಗುಡ್ಡೆ ಮುಂದ ನಿಂತ್ಕಳ್ಲಿ?”

ಪುಟ್ಟರಾಜು ಅಷ್ಟರಲ್ಲಿ ಊರುಗೋಲಿನ ಮೇಲೆ ಸ್ವಲ್ಪ ಸ್ವಲ್ಪ ನಡೆಯುತ್ತಿದ್ದ. ಒಂದು ಕಲ್ಲು ನೆಟ್ಟು ಅಣ್ಣನ ಹೆಸರು ಬರೆಸೋಣ ಎಂದ. ಬೊಮ್ಮಮ್ಮ ಬೇಡ ಎಂದಳು. ಆಳಿಲ್ಲದ ಕಡೆ ಕಲ್ಲು ಯಾಕೆ? ಆಗ ಪಾಸ್ಟರು ನಿಧಾನವಾಗಿ ತಮಿಳಿನಲ್ಲೇ ಕೇಳಿದರು: “ಅಮ್ಮ, ಅವರಿಗೆ ಮಣ್ಣು ಕೊಡುವಾಗಿನ ಪ್ರಾರ್ಥನೆ ಯಾರಾದರೂ ಹೇಳಿದರಾ?”

ಬೊಮ್ಮಮ್ಮ ಇಲ್ಲವೆಂದು ತಲೆಯಾಡಿಸಿದಳು.

“ಹಾಗಾದರೆ ಅದು ಬಾಕಿ ಇದೆ. ನಾಳೆ ಹೇಳೋಣ.”

ಬೆಳಕು ಹರಿಯುವ ಮುಂಚೆ ಎಲ್ಲರೂ ಸ್ಮಶಾನದ ದಿಣ್ಣೆಗೆ ಹೋದರು. ಕಾಡಿನ ಕಡೆಯಿಂದ ಚಳಿಗಾಳಿ ಬರುತ್ತಿತ್ತು. ಆನೆ ಬಂದಿದೆಯೇ ಎಂದು ನೋಡಲು ಇಬ್ಬರು ಟಾರ್ಚು ಹಿಡಿದು ಮುಂದೆ ನಡೆದರು. ಪುಟ್ಟರಾಜು ಎಲ್ಲರಿಗಿಂತ ಹಿಂದೆ, ಸಂಗೀತಳ ಹೆಗಲು ಹಿಡಿದುಕೊಂಡು. ದಾರಿಯ ಏರಿನಲ್ಲಿ ಅವನಿಗೆ ಆಗದೆ ನಿಂತಾಗ ಬೊಮ್ಮಮ್ಮ ತಿರುಗಿ ಬಂದು ಇನ್ನೊಂದು ತೋಳು ಹಿಡಿದಳು. ಅವನು ಏನೋ ಹೇಳಲು ಬಾಯಿ ತೆರೆದ. “ಉಸ್ರು ಉಳಿಸ್ಕ, ಏರು ಅದೆ,” ಎಂದಳು.

ಪಾಸ್ಟರು ತಮಿಳಿನಲ್ಲಿ ಪ್ರಾರ್ಥಿಸಿದರು. ಸಂಗೀತ ಕನ್ನಡದಲ್ಲಿ ಓದಿದಳು. ಆಮೇಲೆ ಪುಟ್ಟಮಾದನನ್ನು ಬಲ್ಲವರು ಸಾಕ್ಷಿ ಹೇಳಿ ಎಂದು ಪಾಸ್ಟರು ಕರೆದರು. ಮೊದಲು ಮಾತಾಡಿದ್ದು ರಾಚ.

“ನಂಗ ಬರಬೇಕಾದ ಸಾವು ಅವ್ರಿಗ ಬಂತು ಅಂತ ಇವತ್ತಿನಗಂಟ ಅಂದ್ಕಂಡಿವ್ನಿ. ನನ್ನ ಬಾಗ್ಲಲ್ಲಿ ನಿಂತ್ಕಂಡು, ‘ಮಾವ, ಎದರಬ್ಯಾಡ’ ಅಂದ್ರು. ಅಷ್ಟೊತ್ತಿಗ ಅವ್ರಿಗೇ ಕೆಮ್ಮು ಬಂದಿತ್ತು.”

ಪರಿಮಳ ತನ್ನ ಅಪ್ಪ ಅಮ್ಮ ಬೇರೆಯಾಗಲು ಹೊರಟಾಗ ಪುಟ್ಟಮಾದ ಅವರ ಮನೆಯ ಜಗಲಿಯಲ್ಲೇ ಮಲಗಿದ್ದನ್ನು ಹೇಳಿದಳು. ಇನ್ನೊಬ್ಬ, ಪುಟ್ಟಮಾದ ತಮಿಳು ಓದುವಾಗ ತಪ್ಪಿದರೆ ತಾನೇ ನಗುತ್ತಿದ್ದುದನ್ನು ಹೇಳಿ ಎಲ್ಲರನ್ನೂ ಸ್ವಲ್ಪ ನಗಿಸಿದ. ಕೊನೆಗೆ ಒಂದು ಕಲ್ಲಿನ ಮೇಲೆ ಕೂತಿದ್ದ ಪುಟ್ಟರಾಜು ಊರುಗೋಲು ಹಿಡಿದು ಎದ್ದ.

“ನಾನು ಮುಳ್ಳಾಕ್ದೆ. ಅದ ಎಲ್ರೂ ನೋಡಿದಿರಿ. ಆಂಬುಲೆನ್ಸ್ ಬಂದಾಗ ಅಣ್ಣ ನನ್ನ ಬಾಗ್ಲ ಮುಂದ ಓಗ್ವಾಗ ಕೂಗಿದ್ರು. ಅದ ಯಾರಿಗೂ ಏಳಿಲ್ಲ ನಾನು. ‘ಪುಟ್ರಾಜು, ಕೂಸು ಜ್ವಾಪಾನ ಕಣ್ಲಾ’ ಅಂದ್ರು.” ಅಷ್ಟು ಹೇಳಿ ಮತ್ತೆ ಕಲ್ಲಿನ ಮೇಲೆ ಕೂತ.

ಬೊಮ್ಮಮ್ಮ ಆ ಮಾತನ್ನು ಮೊದಲ ಸಲ ಕೇಳಿದಳು. ಗಂಡನ ಕೊನೆಯ ಮಾತು ಏನಿದ್ದಿರಬಹುದು ಎಂದು ಇಷ್ಟು ವರ್ಷ ಕೇಳಿಕೊಂಡಿದ್ದಳು. ಅವಳು ಮುಖ ಮುಚ್ಚಿಕೊಂಡು ಅತ್ತಳು. ಸತ್ತ ಸುದ್ದಿ ಬಂದಾಗಲೂ ಜ್ವರದ ಅಮಲಿನಲ್ಲಿ ಹಾಗೆ ಅತ್ತಿರಲಿಲ್ಲ. ಬೀದಿಯ ಹೆಂಗಸರು ಸುತ್ತ ಬಂದು ನಿಂತರು. ಯಾರೂ ಸಮಾಧಾನ ಹೇಳಲಿಲ್ಲ, ಜೊತೆಗೆ ಅತ್ತರು. ಸಾವಿನ ಮನೆಯಲ್ಲಿ ಆಗಬೇಕಿದ್ದ ಅಳು ಅದು. ಈಗ ಆಯಿತು.

ಪೂರ್ವದ ಕಡೆ ಗುಡ್ಡದ ಅಂಚು ಬೆಳ್ಳಗಾದಾಗ ಪಾಸ್ಟರು ಹಿಡಿಮಣ್ಣು ತೆಗೆದುಕೊಂಡು ಬೊಮ್ಮಮ್ಮನ ಕೈಗೆ ಕೊಟ್ಟರು. ಅವಳು ಅದನ್ನು ಅಲ್ಲೇ, ಖಾಲಿ ನೆಲದ ಮೇಲೆ ಮೆಲ್ಲಗೆ ಬಿಟ್ಟಳು. ಎಲ್ಲರೂ ಒಬ್ಬೊಬ್ಬರಾಗಿ ಹಾಗೆಯೇ ಮಾಡಿದರು.

ಅಲ್ಲಿಂದ ನೇರ ಪ್ರಾರ್ಥನೆ ಮನೆಗೆ ಬಂದರು. ಸ್ವಾಮಿಯ ಮನೆಯವರು ಬಂದಿರಲಿಲ್ಲ; ಸ್ವಾಮಿಯ ತಾಯಿ ಮಾತ್ರ ಹಿಂದುಗಡೆ ಬಂದು ಕೂತಿದ್ದಳು. ಪರಿಮಳಳ ಮಗುವಿಗೆ ದೀಕ್ಷಾಸ್ನಾನ. ಎತ್ತಿಕೊಂಡು ಬರಬೇಕಿದ್ದ ಮಗು ತಾನೇ ನಡೆದುಕೊಂಡು ಹೋಗಿ ಪಾಸ್ಟರ ಮುಂದೆ ನಿಂತಿತು. ತಲೆಗೆ ನೀರು ಬಿದ್ದಾಗ ಇನ್ನಷ್ಟು ಹಾಕು ಎಂದು ಕೈ ನೀಡಿತು. ಆಮೇಲೆ ರೊಟ್ಟಿ, ದ್ರಾಕ್ಷಾರಸ. ಬೊಮ್ಮಮ್ಮ ಮೊಣಕಾಲೂರಿದ್ದಳು, ಪುಟ್ಟರಾಜು ಊರಲಾರದೆ ಅವಳ ಪಕ್ಕದಲ್ಲಿ ನಿಂತೇ ತೆಗೆದುಕೊಂಡ.

ಕೊನೆಯ ಹಾಡು ಎತ್ತುವವರು ಯಾರು ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಬೊಮ್ಮಮ್ಮನೇ ಎತ್ತಿದಳು. ಅಭ್ಯಾಸವಿಲ್ಲದೆ ತೀರ ಮೇಲಿನ ಶ್ರುತಿಯಲ್ಲಿ ಎತ್ತಿಬಿಟ್ಟಿದ್ದಳು. ಎರಡನೇ ಸಾಲಿಗೇ ಗಂಡಸರ ದನಿ ಒಡೆಯಿತು, ಪಾಸ್ಟರ ಕತ್ತಿನ ನರ ಉಬ್ಬಿತು, ರಾಚ ಕೆಮ್ಮಿದ. ಇಳಿಸಿ ಹಾಡಿ ಎಂದು ಯಾರೂ ಹೇಳಲಿಲ್ಲ. ಅಷ್ಟು ಎತ್ತರದಲ್ಲೇ, ಸಿಕ್ಕಷ್ಟು ದನಿಯಲ್ಲಿ, ಕೊನೆಯ ಚರಣದವರೆಗೂ ಎಲ್ಲರೂ ಹಾಡಿದರು.